ಮುಟ್ಟಿ ನೋಡಿದ್ದು ಟ್ಯೂಬನ್ನು, ಸುಟ್ಟದ್ದು ಇನ್ನೊಂದು

ಎಡಗಿವಿಯಲ್ಲಿ ‘ದಡ್’ ಅಂತ ಒಂದು ಸದ್ದು, ಆಮೇಲೆ ಮೌನ. ಬಲಗಡೆ ಹಾಡು ತನ್ನ ಪಾಡಿಗೆ ನಡೆದೇ ಇತ್ತು. ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕುವಷ್ಟರಲ್ಲಿ ಅದಕ್ಕೆ ದನಿ ಕೊಡುವ ಆಂಪ್‌ನ (ಆಂಪ್ಲಿಫೈಯರ್) ಪೆಟ್ಟಿಗೆಯೊಳಗಿಂದ ಯಾರೋ ಹಲ್ಲಿನ ಸಂದಿಯಲ್ಲಿ ಉಸಿರು ಬಿಟ್ಟ ಹಾಗೆ ‘ಸ್ಸ್ಸ್’ ಎಂದಿತು, ಹಿಂದೆಯೇ ಹಳಸಿದ ಮೀನಿನಂಥ ವಾಸನೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ (ಒಳಗೆ ದ್ರವವಿರುವ, ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಡಬ್ಬಿ) ಸಾಯುವಾಗ ಬರುವ ವಾಸನೆ ಅದು. ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ.

ಟ್ಯೂಬ್ (ಗಾಜಿನ ನಿರ್ವಾತ ಕೊಳವೆ) ಇರುವ ಹೆಡ್‌ಫೋನ್ ಆಂಪ್ ಬಿಚ್ಚಿ ‘ಸಣ್ಣದೊಂದು ಮಾರ್ಪಾಡು’ ಮಾಡಬೇಕೆಂದು ಬೆಸುಗೆ ಕಡ್ಡಿ ಕಾಯಿಸುತ್ತ ಕೂತಿದ್ದೀರಾದರೆ ಮೊದಲು ಇದನ್ನು ಓದಿ. ನಾನೇನೂ ಹೊಸಬನಲ್ಲ. ಸರ್ಕ್ಯೂಟ್ ಓದಲು ಬರುತ್ತದೆ, ಓಮ್‌ನ ನಿಯಮ ಗೊತ್ತು. ಗೊತ್ತಿದ್ದೂ ಲೆಕ್ಕ ಹಾಕಲಿಲ್ಲ, ಅಷ್ಟೆ.

ನನ್ನದು ಹೈಬ್ರಿಡ್ ಆಂಪ್, ಅಂದರೆ ಟ್ಯೂಬ್ ಮತ್ತು ಟ್ರಾನ್ಸಿಸ್ಟರ್ ಎರಡೂ ಇರುವಂಥದು. ಮುಂದೆ ಒಂದು 12ಎಯು7 ಟ್ಯೂಬ್, ಹಿಂದೆ ಎರಡು ಐಆರ್‌ಎಫ್510 ಮಾಸ್‌ಫೆಟ್ ಟ್ರಾನ್ಸಿಸ್ಟರ್, ಒಂದೊಂದರ ಕೆಳಗೂ ಸ್ಥಿರ ಕರೆಂಟು ಎಳೆಯಲು ಒಂದೊಂದು ಎಲ್‌ಎಂ317 ರೆಗ್ಯುಲೇಟರ್ (ವೋಲ್ಟೇಜನ್ನೋ ಕರೆಂಟನ್ನೋ ಸ್ಥಿರವಾಗಿಡುವ ಚಿಪ್). ಟ್ಯೂಬಿನ ಹೀಟರ್‌ಗೆ (ಅದನ್ನು ಒಳಗಿನಿಂದ ಕಾಯಿಸುವ ತಂತಿ) ಪ್ರತ್ಯೇಕವಾಗಿ ಇನ್ನೊಂದು ಎಲ್‌ಎಂ317. ಎಲ್ಲದಕ್ಕೂ ಒಂದೇ 24 ವೋಲ್ಟ್ ಅಡಾಪ್ಟರ್. ಔಟ್‌ಪುಟ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್; ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಹೆಡ್‌ಫೋನ್‌ಗೆ ನುಗ್ಗದಂತೆ ಕಾಯುವ ಬಾಗಿಲುಗಳು. ಇದೊಂದು ಕ್ಲಾಸ್ ಎ ಸರ್ಕ್ಯೂಟ್, ಅಂದರೆ ಹಾಡು ಇರಲಿ ಬಿಡಲಿ ಅದು ಎಳೆಯುವ ಕರೆಂಟು ಒಂದೇ. ಸುಮ್ಮನೆ ಕೂತಾಗಲೂ ಪೂರ್ತಿ ಬಿಸಿ.

ಮೊದಲ ಮಾರ್ಪಾಡು ಬಯಾಸ್ ಕರೆಂಟಿನದು, ಅಂದರೆ ಹಾಡಿಲ್ಲದಾಗಲೂ ಹರಿಯುವ ಆ ಕರೆಂಟಿನದು. ಎಲ್‌ಎಂ317 ಅನ್ನು ಹೀಗೆ ಬಳಸಿದಾಗ ಕರೆಂಟು ಎಷ್ಟೆಂದು ತೀರ್ಮಾನಿಸುವುದು ಒಂದೇ ಒಂದು ರೆಸಿಸ್ಟರ್: 1.25 ಅನ್ನು ಅದರ ಓಮ್‌ನಿಂದ ಭಾಗಿಸಿದರೆ ಮುಗಿಯಿತು. ಮೊದಲಿದ್ದದ್ದು 10 ಓಮ್, ಅಂದರೆ 125 ಮಿಲಿಆಂಪಿಯರ್. ನಾನು 5 ಓಮ್ ಹಾಕಿ 250ಕ್ಕೆ ಏರಿಸಿದೆ. ಹೆಚ್ಚು ಕರೆಂಟು ಎಂದರೆ ಹೆಚ್ಚು ‘ದಮ್ಮು’ ಎಂಬ ನಂಬಿಕೆ. ಈಗ ಕೂತು ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ. ನನ್ನ 32 ಓಮ್ ಹೆಡ್‌ಫೋನ್‌ಗೆ 125 ಮಿಲಿಆಂಪಿಯರ್ ಎಂದರೆ 4 ವೋಲ್ಟ್ ಪೀಕ್, ಕಾಲು ವ್ಯಾಟ್. ಅಷ್ಟನ್ನು ಕಿವಿಗೆ ಕೊಟ್ಟರೆ ಕಿವಿಯೇ ಉಳಿಯುವುದಿಲ್ಲ. ಬೇಕಿಲ್ಲದ ಶಕ್ತಿಗಾಗಿ ನಾಲ್ಕು ಭಾಗಗಳ (ಎರಡು ಮಾಸ್‌ಫೆಟ್, ಅವುಗಳ ಕೆಳಗಿನ ಎರಡು ಎಲ್‌ಎಂ317) ಬಿಸಿಯನ್ನು ತಲಾ ಒಂದೂವರೆ ವ್ಯಾಟ್‌ನಿಂದ 3 ವ್ಯಾಟ್‌ಗೆ ಏರಿಸಿದ್ದೆ.

ಎರಡನೆಯ ಮಾರ್ಪಾಡು ಟ್ಯೂಬ್ ಬದಲಾವಣೆ. ಬಹಳ ಜನ ಎಡವುವುದು ಇಲ್ಲೇ, ಯಾಕೆಂದರೆ ಇದಕ್ಕೆ ಬೆಸುಗೆ ಕೂಡ ಬೇಕಿಲ್ಲ. 12ಎಯು7 ತೆಗೆದು 6ಡಿಜೆ8 ಹಾಕಿದೆ. ಎರಡರ ಟ್ರಯೋಡ್ (ದನಿಯನ್ನು ಹಿಗ್ಗಿಸುವ ಭಾಗ) ಕಾಲುಗಳೂ ಒಂದೇ ಜಾಗದಲ್ಲಿರುತ್ತವೆ, ಸಾಕೆಟ್‌ಗೆ ಸಲೀಸಾಗಿ ಕೂರುತ್ತದೆ. ಹೀಟರ್ ಮಾತ್ರ ಬೇರೆ: ಅದಕ್ಕೆ 12.6 ವೋಲ್ಟ್, ಇದಕ್ಕೆ 6.3. ಬೋರ್ಡಿನಲ್ಲಿ ಹೀಟರ್ ವೋಲ್ಟೇಜ್ ಆರಿಸುವ ಜಂಪರ್ ಇತ್ತು, ಬದಲಿಸಿದೆ. (ಬದಲಿಸದೆ ಚುಚ್ಚಿದರೆ ಹೀಟರ್‌ಗೆ ಎರಡರಷ್ಟು ವೋಲ್ಟೇಜ್ ಹೋಗಿ ಟ್ಯೂಬ್ ಒಮ್ಮೆ ಭರ್ಜರಿಯಾಗಿ ಬೆಳಗಿ ಕಣ್ಣು ಮುಚ್ಚುತ್ತದೆ. ಆ ತಪ್ಪು ನಾನು ಮಾಡಲಿಲ್ಲ. ಬೇರೆ ಮಾಡಿದೆ.)

ಟ್ಯೂಬಿನ ಮಟ್ಟಿಗೆ ನೋಡಿದರೆ ದೊಡ್ಡ ವ್ಯತ್ಯಾಸವೇನಿಲ್ಲ. 12ಎಯು7 ಹೀಟರ್ 12.6 ವೋಲ್ಟ್‌ನಲ್ಲಿ 150 ಮಿಲಿಆಂಪಿಯರ್ ಎಳೆಯುತ್ತದೆ, 1.9 ವ್ಯಾಟ್. 6ಡಿಜೆ8 ಎಳೆಯುವುದು 6.3 ವೋಲ್ಟ್‌ನಲ್ಲಿ 365 ಮಿಲಿಆಂಪಿಯರ್, 2.3 ವ್ಯಾಟ್. ಮುಟ್ಟಿ ನೋಡಿದೆ, ಗಾಜು ಹಿಂದಿನಷ್ಟೇ ಬಿಸಿ. ಸಮಾಧಾನವಾಯಿತು. ಆದರೆ ಆ ಕರೆಂಟು 24 ವೋಲ್ಟ್‌ನಿಂದ ಇಳಿದು ಬರಬೇಕಲ್ಲ? ಉಳಿದ ವೋಲ್ಟೇಜನ್ನು ರೆಗ್ಯುಲೇಟರ್ ತನ್ನ ಮೈಮೇಲೆ ಸುಟ್ಟುಕೊಳ್ಳಬೇಕು. ಮೊದಲು 11.4 ವೋಲ್ಟ್ ಗುಣಿಸು 0.15, ಅಂದರೆ 1.7 ವ್ಯಾಟ್. ಈಗ 17.7 ಗುಣಿಸು 0.365, ಆರೂವರೆ ವ್ಯಾಟ್. ಹೆಚ್ಚುಕಡಿಮೆ ನಾಲ್ಕು ಪಟ್ಟು! ಇದೇ ಜಾಗಕ್ಕೆ ಎಷ್ಟೋ ಮಂದಿ 6ಎನ್1ಪಿ ಟ್ಯೂಬ್ ಚುಚ್ಚುತ್ತಾರೆ. ಅದರ ಹೀಟರ್ 600 ಮಿಲಿಆಂಪಿಯರ್. ಹತ್ತು ವ್ಯಾಟ್ ದಾಟುತ್ತದೆ.

ಹೊಳೆಯುವುದು ಟ್ಯೂಬ್, ಹಾಗಾಗಿ ಕಣ್ಣು ಅಲ್ಲಿಗೇ ಹೋಗುತ್ತದೆ. ಅದರ ಕ್ಯಾಥೋಡ್ ಕೆಲಸ ಮಾಡುವುದೇ 700-800 ಡಿಗ್ರಿಯಲ್ಲಿ, ಕಾಯುವುದು ಅದರ ಹುಟ್ಟುಗುಣ. ಮೂಲೆಯಲ್ಲಿ ಕಪ್ಪಗೆ ನಿಂತಿರುವ ಮೂರು ಕಾಲಿನ ರೆಗ್ಯುಲೇಟರ್ ಮಾತ್ರ ಹೊಳೆಯುವುದೂ ಇಲ್ಲ, ದೂರುವುದೂ ಇಲ್ಲ.

ಬೋರ್ಡು ಮೇಜಿನ ಮೇಲೆ ಬತ್ತಲೆಯಾಗಿದ್ದಷ್ಟು ದಿನ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಮರದ ಪೆಟ್ಟಿಗೆಯೊಂದನ್ನು ಮಾಡಿದೆ. ಮೇಲೆ ಸಾಲಾಗಿ ತೂತು, ಟ್ಯೂಬಿಗೊಂದು ಗುಂಡು ಕಿಂಡಿ, ನೋಡಲು ಬಲು ಚೆಂದ. ತಳಕ್ಕೆ ಒಂದೂ ತೂತು ಕೊರೆಯಲಿಲ್ಲ. ಬಿಸಿ ಗಾಳಿ ಮೇಲಿಂದ ಹೋಗಬೇಕಾದರೆ ತಣ್ಣನೆಯದು ಕೆಳಗಿಂದ ಬರಬೇಕು, ಇಲ್ಲದಿದ್ದರೆ ಅದು ಬಾಯಿ ಬಿಟ್ಟ ಮಡಕೆ ಅಷ್ಟೆ. ಅಡಾಪ್ಟರ್‌ನಿಂದ ಒಳಹೋಗುವ 21 ವ್ಯಾಟ್‌ನಲ್ಲಿ ಹಾಡಾಗಿ ಹೊರಬರುವುದು ಕೆಲವೇ ಮಿಲಿವ್ಯಾಟ್, ಮಿಕ್ಕಿದ್ದೆಲ್ಲ ಬಿಸಿ. ಮಾರ್ಪಾಡಿಗೆ ಮುಂಚೆ ಇದು 10 ವ್ಯಾಟ್‌ಗೂ ಕಡಿಮೆ ಇತ್ತು.

ಪೆಟ್ಟಿಗೆಗೆ ಹಾಕಿದ ಮೊದಲ ದಿನವೇ ಸೂಚನೆ ಸಿಕ್ಕಿತು. ಇಪ್ಪತ್ತು ನಿಮಿಷಕ್ಕೆ ದನಿ ಮೆಲ್ಲಗೆ ಸೊರಗಿತು, ಗಂಟಲು ಕಟ್ಟಿದ ಹಾಗೆ ಒಡೆಯತೊಡಗಿತು. ಆರಿಸಿ ಅರ್ಧ ಗಂಟೆ ಬಿಟ್ಟು ಹಾಕಿದರೆ ಮತ್ತೆ ಸರಿ, ಇಪ್ಪತ್ತು ನಿಮಿಷಕ್ಕೆ ಮತ್ತದೇ. ‘ಟ್ಯೂಬ್ ಕೆಟ್ಟಿದೆ’ ಎಂದು ತೀರ್ಪು ಕೊಟ್ಟೆ. ಇನ್ನೊಂದು ತಂದೆ, ಅದೂ ಹಾಗೇ. ಮೂರನೆಯದನ್ನೂ ತಂದೆ. ಆಗಿದ್ದೇನೆಂದರೆ, ಎಲ್‌ಎಂ317 ಬಿಸಿ ಮಿತಿ ಮೀರಿದಾಗ ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ಹೀಟರ್‌ಗೆ ಹೋಗುವ ವೋಲ್ಟೇಜ್ ಸರಾಸರಿ ಇಳಿಯುತ್ತದೆ, ಟ್ಯೂಬ್ ತಣ್ಣಗಾಗುತ್ತ ಸೊರಗುತ್ತದೆ. ಸೊರಗಿದ ಟ್ಯೂಬನ್ನು ನಾನು ಬೈದೆ, ಅದಕ್ಕೆ ಊಟ ನಿಲ್ಲಿಸಿದವನನ್ನು ನೋಡಲಿಲ್ಲ.

ಲೆಕ್ಕ ಮುಂಚೆ ಹಾಕಿದ್ದರೆ ಐದು ನಿಮಿಷದ ಕೆಲಸ. ರೆಗ್ಯುಲೇಟರ್‌ನ ಪುಟ್ಟ ಹೀಟ್‌ಸಿಂಕ್ (ಅದರ ಬಿಸಿಯನ್ನು ಗಾಳಿಗೆ ಬಿಡುವ ಲೋಹದ ತುಂಡು) ವ್ಯಾಟ್‌ಗೆ 15 ಡಿಗ್ರಿಯದು, ಅಂದರೆ ಒಂದೊಂದು ವ್ಯಾಟ್‌ಗೂ ಅಷ್ಟಷ್ಟು ಕಾಯುವಂಥದು. ಆರೂವರೆ ವ್ಯಾಟ್‌ಗೆ 98 ಡಿಗ್ರಿ ಏರಿಕೆ. ಚಿಪ್‌ನ ಒಳಗಿಂದ ಹೀಟ್‌ಸಿಂಕ್‌ವರೆಗೆ ವ್ಯಾಟ್‌ಗೆ ಸುಮಾರು 5 ಡಿಗ್ರಿ ಎಂದರೆ ಇನ್ನೊಂದು 32. ಕೋಣೆಯ 30 ಸೇರಿಸಿದರೆ 160. ಡೇಟಾಶೀಟ್ ಹೇಳುವ ಮಿತಿ 125. ಮೇಜಿನ ಮೇಲೆ ಬತ್ತಲೆಯಾಗಿದ್ದಾಗಲೇ ಅದು ಕತ್ತಿಯ ಅಂಚಿನ ಮೇಲೆ ನಡೆಯುತ್ತಿತ್ತು. ಪೆಟ್ಟಿಗೆ ಬರೀ ಒಂದು ಸಣ್ಣ ನೂಕು ಕೊಟ್ಟಿತು.

ಕೊನೆಗೂ ಬೆರಳು ರೆಗ್ಯುಲೇಟರ್‌ಗೆ ತಾಗಿ ಗುಳ್ಳೆ ಎದ್ದಾಗ ವಿಷಯ ತಿಳಿಯಿತು. ದೊಡ್ಡ ಹೀಟ್‌ಸಿಂಕ್ ಹಾಕಿದೆ. ಮೊದಲು ಅದಕ್ಕೇ ಪಕ್ಕದ ಮಾಸ್‌ಫೆಟ್ಟನ್ನೂ ಬಿಗಿಯಲು ಹೊರಟಿದ್ದೆ. ಎಲ್‌ಎಂ317ರ ಲೋಹದ ಬೆನ್ನು ಅದರ ಔಟ್‌ಪುಟ್, ಐಆರ್‌ಎಫ್510ರ ಬೆನ್ನು ಡ್ರೇನ್ (ಕರೆಂಟು ಒಳಬರುವ ಕಾಲು), ಅಂದರೆ ನೇರ 24 ವೋಲ್ಟ್. ನಡುವೆ ವಿದ್ಯುತ್ ತಡೆಯುವ ಮೈಕಾ ಹಾಳೆ ಮತ್ತು ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಇಲ್ಲದೆ ಒಂದೇ ಲೋಹಕ್ಕೆ ಬಿಗಿದಿದ್ದರೆ ಟ್ಯೂಬಿನ ಹೀಟರ್‌ಗೆ 24 ವೋಲ್ಟ್ ಸೀದಾ ಹೋಗುತ್ತಿತ್ತು. ಸ್ಕ್ರೂ ಕೈಯಲ್ಲಿ ಹಿಡಿದಾಗ ಹೊಳೆದದ್ದು ಅದೃಷ್ಟ.

ದೊಡ್ಡ ಹೀಟ್‌ಸಿಂಕ್ ಹಾಕಿದ ಮೇಲೆ ದನಿ ಸೊರಗುವುದು ನಿಂತಿತು. ರೋಗ ವಾಸಿಯಾಯಿತೆಂದು ಮುಚ್ಚಳ ಹಾಕಿಬಿಟ್ಟೆ. ನನ್ನ ನಿಜವಾದ ತಪ್ಪು ಇದೇ. ಹೀಟ್‌ಸಿಂಕ್ ಬಿಸಿಯನ್ನು ನುಂಗುವುದಿಲ್ಲ, ಚಿಪ್‌ನಿಂದ ತೆಗೆದು ಗಾಳಿಗೆ ಸುರಿಯುತ್ತದೆ. ಆ ಗಾಳಿ ಹೊರಗೆ ಹೋಗದಿದ್ದರೆ? ರೆಗ್ಯುಲೇಟರ್ ಮೊದಲು ಆಗಾಗ ಸುಮ್ಮನಾಗಿ ಪೆಟ್ಟಿಗೆಗೆ ಸ್ವಲ್ಪ ಬಿಡುವಾದರೂ ಕೊಡುತ್ತಿತ್ತು. ಈಗ ಅದು ಆರಾಮಾಗಿ, ಎಡೆಬಿಡದೆ, ಆರೂವರೆ ವ್ಯಾಟನ್ನು ಒಳಗೇ ಸುರಿಯತೊಡಗಿತು. ಪೆಟ್ಟಿಗೆಯ ಗಾಳಿಯೇ 50 ಡಿಗ್ರಿ. ಮಾಸ್‌ಫೆಟ್‌ಗಳ ಹೀಟ್‌ಸಿಂಕ್‌ಗಳಿಗೆ ಒತ್ತಿಕೊಂಡು ನಿಂತಿದ್ದವರು ಯಾರು ಹೇಳಿ? ಆ ಎರಡು ಔಟ್‌ಪುಟ್ ಕೆಪಾಸಿಟರ್‌ಗಳು. ಮೈಮೇಲೆ ಬರೆದಿದ್ದ ಮಿತಿ 85 ಡಿಗ್ರಿ.

ಅಳೆಯಲಿಲ್ಲವೇ ಎಂದರೆ, ಅಳೆದೆ. ಬಂದೂಕಿನಂತೆ ಹಿಡಿದು ಗುರಿ ಇಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹೀಟ್‌ಸಿಂಕ್ 48 ಡಿಗ್ರಿ ಎಂದಿತು, ನೆಮ್ಮದಿಯಿಂದ ಮಲಗಿದೆ. ಹೊಳೆಯುವ ಬರಿ ಅಲ್ಯೂಮಿನಿಯಂ ತನ್ನ ಬಿಸಿಯನ್ನು ಕಿರಣವಾಗಿ ಬಹಳ ಕಡಿಮೆ ಹೊರಸೂಸುತ್ತದೆ. ಎದುರಿನ ಗೋಡೆಯದನ್ನೇ ಕನ್ನಡಿಯಂತೆ ಹಿಂದಿರುಗಿಸುತ್ತದೆ. ಬಂದೂಕು ನೋಡಿದ್ದು ಹೀಟ್‌ಸಿಂಕನ್ನಲ್ಲ, ಪೆಟ್ಟಿಗೆಯ ಪ್ರತಿಬಿಂಬವನ್ನು. ಆಮೇಲೆ ಅದೇ ಜಾಗಕ್ಕೆ ಮಲ್ಟಿಮೀಟರಿನ ಥರ್ಮೋಕಪಲ್ ತಂತಿ ಅಂಟಿಸಿದಾಗ ಬಂದ ಅಂಕಿ 93. ಬಂದೂಕೇ ಬಳಸುವವರು ಹೀಟ್‌ಸಿಂಕ್‌ಗೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಗುರಿ ಇಡಿ.

ನಡುವೆ ಒಂದು ಫ್ಯಾನ್ ಪ್ರಸಂಗವೂ ಆಯಿತು. ಪೆಟ್ಟಿಗೆಯ ಮೇಲೆ ಪುಟ್ಟ ಫ್ಯಾನ್ ಕೂರಿಸಿದರೆ ಅದರ ನಡುಕವನ್ನು ಟ್ಯೂಬ್ ಮೈಕ್‌ನಂತೆ ಹಿಡಿದು ಕಿವಿಗೆ ಊದಿತು. ದುಂಬಿ ಹೊಕ್ಕಂತಾಗಿ ಸಂಜೆಯೊಳಗೆ ಕಿತ್ತು ಹಾಕಿದೆ.

ಹೀಗೆ ನಾಲ್ಕು ತಿಂಗಳು, ದಿನಕ್ಕೆ ನಾಲ್ಕೈದು ಗಂಟೆ. ಈ ಅವಧಿಯ ತಮಾಷೆಯನ್ನು ಹೇಳದೆ ಬಿಡಲಾರೆ. ಬೇಸ್ ದಿನೇದಿನೇ ತೆಳುವಾಗುತ್ತಿತ್ತು. ನಾನು ಅದನ್ನು ಮೆಚ್ಚಿಕೊಂಡು ಸ್ನೇಹಿತರಿಗೆಲ್ಲ ಹೇಳಿದೆ: ‘6ಡಿಜೆ8 ಪಳಗುತ್ತಿದೆ ಕಣ್ರೋ, ಬೇಸ್ ಎಷ್ಟು ಬಿಗಿಯಾಗಿದೆ ನೋಡಿ.’ ಪಳಗುತ್ತಿದ್ದದ್ದು ಟ್ಯೂಬಲ್ಲ, ಒಣಗುತ್ತಿದ್ದದ್ದು ಕೆಪಾಸಿಟರ್. ಅಪಘಾತದ ಮರುದಿನ ಬಲಗಡೆಯದನ್ನು, ಅಂದರೆ ಬದುಕುಳಿದದ್ದನ್ನು, ಬಿಚ್ಚಿ ಅಳೆದರೆ 1000 ಇರಬೇಕಾದ್ದು 110 ಮೈಕ್ರೋಫ್ಯಾರಡ್‌ಗೆ ಬಂದಿತ್ತು. 32 ಓಮ್ ಜೊತೆ ಅದು 5 ಹರ್ಟ್ಸ್‌ನಲ್ಲಿ ಕತ್ತರಿಸಬೇಕಾದ ಬೇಸನ್ನು 45 ಹರ್ಟ್ಸ್‌ನಲ್ಲೇ ಕತ್ತರಿಸತೊಡಗುತ್ತದೆ. ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು, ಅರ್ಥ ಹೇಳಿದ ಮನಸ್ಸಿನದು ತಪ್ಪು.

ಎಡಗಡೆಯದು ಒಣಗಿ ಸುಮ್ಮನಾಗಲಿಲ್ಲ, ಒಳಗೇ ಶಾರ್ಟ್ ಆಯಿತು. ಕಾಯುತ್ತಿದ್ದ ಬಾಗಿಲು ಹಾರು ಹೊಡೆದ ಮೇಲೆ ಮಾಸ್‌ಫೆಟ್‌ನ 12 ವೋಲ್ಟ್ ಡಿಸಿ ನೇರ ಹೆಡ್‌ಫೋನ್‌ನ ಡ್ರೈವರ್‌ಗೆ, ಅಂದರೆ ಒಳಗಿನ ಪುಟ್ಟ ಸ್ಪೀಕರ್‌ಗೆ. 32 ಓಮ್‌ಗೆ 12 ವೋಲ್ಟ್ ಎಂದರೆ ನಾಲ್ಕೂವರೆ ವ್ಯಾಟ್. ಕೂದಲೆಳೆಯಂಥ ತಂತಿಯ ಸುರುಳಿ ಅದನ್ನು ಎಷ್ಟು ಹೊತ್ತು ತಡೆದೀತು? ಅಡಾಪ್ಟರ್ ಆದರೂ ಕೈ ಎತ್ತಬೇಕಿತ್ತು. ಬಯಾಸ್ ಏರಿಸಿದಾಗ ನಾನೇ ಹಳೆಯದನ್ನು ತೆಗೆದು 2 ಆಂಪಿಯರ್‌ನದನ್ನು ತಂದಿದ್ದೆನಲ್ಲ, ಅದಕ್ಕೆ ಏನೂ ಅನಿಸಲಿಲ್ಲ.

ಒಂದು ಕಡೆ ನಾನು ಬಚಾವು. ನನ್ನ ಆಂಪ್‌ನಲ್ಲಿ ಇದ್ದದ್ದು 24 ವೋಲ್ಟ್ ಮಾತ್ರ. 6ಎಎಸ್7 ಅಥವಾ 6080 ಎಂಬ ದೊಡ್ಡ ಟ್ಯೂಬ್ ಹಾಕಿದ, ಟ್ರಾನ್ಸ್‌ಫಾರ್ಮರ್ ಇಲ್ಲದ ಔಟ್‌ಪುಟ್‌ನ ಆಂಪ್‌ಗಳ ಕಥೆ ಬೇರೆ. ಆ ಟ್ಯೂಬಿನ ಹೀಟರ್ ಒಂದೇ ಎರಡೂವರೆ ಆಂಪಿಯರ್ ಎಳೆಯುತ್ತದೆ, ಬರೀ ಅದೇ ಸುಮಾರು 16 ವ್ಯಾಟ್. ಒಳಗೆ ನೂರಾರು ವೋಲ್ಟ್ ಓಡಾಡುತ್ತದೆ, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಅದು ಕೂತಿರುತ್ತದೆ. ಮೀಟರ್ ಇಟ್ಟು ಸೊನ್ನೆ ನೋಡದೆ ಅಂಥದರೊಳಗೆ ಕೈ ಹಾಕಬೇಡಿ. ಉಷ್ಣಾಂಶ ನೋಡಲು ಬೆರಳು ಹಾಕುವುದಂತೂ ಬೇಡವೇ ಬೇಡ.

ಈಗ ಆಂಪ್ ಮತ್ತೆ ಓಡುತ್ತಿದೆ. 5 ಓಮ್ ಕಿತ್ತು 8.2 ಹಾಕಿದ್ದೇನೆ, 152 ಮಿಲಿಆಂಪಿಯರ್. ಹೀಟರ್ ರೆಗ್ಯುಲೇಟರ್‌ಗೆ ಮುಂಚೆ 33 ಓಮ್‌ನ 10 ವ್ಯಾಟ್ ಸೆರಾಮಿಕ್ ರೆಸಿಸ್ಟರ್ ಒಂದನ್ನು ಸರಣಿಯಲ್ಲಿ ಸೇರಿಸಿ ಪೆಟ್ಟಿಗೆಯ ಹಿಂದೆ, ಹೊರಗೆ, ಜಾಲರಿಯ ಮರೆಯಲ್ಲಿ ಬಿಗಿದಿದ್ದೇನೆ. 12 ವೋಲ್ಟ್ ಅಲ್ಲೇ ಬಿದ್ದುಹೋಗುತ್ತದೆ, ನಾಲ್ಕೂವರೆ ವ್ಯಾಟ್ ಬಿಸಿ ಒಳಗೆ ಕಾಲಿಡುವುದೇ ಇಲ್ಲ, ರೆಗ್ಯುಲೇಟರ್ ಪಾಲಿಗೆ ಉಳಿದದ್ದು ಎರಡು ವ್ಯಾಟ್. ತಣ್ಣಗಿರುವ ಹೀಟರ್ ಹಾಕಿದ ಕೂಡಲೇ ಭರ್ರನೆ ಕರೆಂಟು ಎಳೆಯುವುದಕ್ಕೂ ಅದು ಕಡಿವಾಣ. ಕೆಪಾಸಿಟರ್‌ಗಳು 105 ಡಿಗ್ರಿಯವು, ಹೀಟ್‌ಸಿಂಕ್‌ಗಳಿಂದ ದೂರ, ಬೋರ್ಡಿನ ಇನ್ನೊಂದು ಅಂಚಿನಲ್ಲಿ. ಹತ್ತು ಡಿಗ್ರಿ ಇಳಿಸಿದರೆ ಅವುಗಳ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ. ತಳಕ್ಕೆ ಹನ್ನೆರಡು ತೂತು ಕೊರೆದು ಕಾಲುಗಳನ್ನು ಎತ್ತರಿಸಿದೆ. ಮುಚ್ಚಳ ಹಾಕಿ, ಎರಡು ಗಂಟೆ ಓಡಿಸಿ, ಥರ್ಮೋಕಪಲ್ ಅಂಟಿಸಿ ನೋಡಿದರೆ ಕೆಪಾಸಿಟರ್ ಮೈ 47. ಮೊದಲ ಬಾರಿಗೆ ಹೆಡ್‌ಫೋನ್ ಬದಲು 33 ಓಮ್‌ನ ಇನ್ನೊಂದು ರೆಸಿಸ್ಟರ್ ಜೋಡಿಸಿ, ಡಿಸಿ ಸೊನ್ನೆ ಇದೆಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕಿವಿಗೆ ಹಾಕಿದ್ದು.

ಕೆಟ್ಟಿವೆಯೆಂದು ಡಬ್ಬಿಗೆ ಎಸೆದಿದ್ದ 6ಡಿಜೆ8ಗಳನ್ನು ಒಂದೊಂದಾಗಿ ತೆಗೆದು ಚುಚ್ಚಿ ನೋಡಿದೆ. ಎಲ್ಲವೂ ಗಟ್ಟಿಮುಟ್ಟು. ಇದನ್ನು ಬರೆಯುವಾಗ ಹಾಡುತ್ತಿರುವುದು ನಾನು ಮೊಟ್ಟಮೊದಲು ಬೈದು ಕಿತ್ತದ್ದು.