ಪಿಕಪ್‌ನ ಹೆಡ್‌ಲೈಟ್ ಬದಲಾವಣೆ: ಎಲ್‌ಇಡಿ ಕಿಟ್‌ ಮತ್ತು ರಿಲೇ ವೈರಿಂಗ್, ದೀರ್ಘ ಬಳಕೆಯ ನಂತರ

ಲೋಡ್ ಹೊರುವ ಗಾಡಿಗೆ ಹೊಸ ಹೆಡ್‌ಲೈಟ್ ಹಾಕಿಸಬೇಕೆಂದು ಯೋಚಿಸುತ್ತಿರುವವರು ಬಲ್ಬ್ ಎಷ್ಟು ಪ್ರಖರವಾಗಿದೆ ಎನ್ನುವುದಕ್ಕಿಂತ ಮೊದಲು ಅದರ ಬೆಳಕು ಎಲ್ಲಿ ಬೀಳುತ್ತದೆ ಎನ್ನುವುದನ್ನು ನೋಡಬೇಕು. ನನ್ನದು ಹಳದಿ ಬೋರ್ಡ್ ಪಿಕಪ್. ಪಾಂಡವಪುರ ತಾಲ್ಲೂಕಿನ ನಮ್ಮ ಊರು ಮತ್ತು ಅಕ್ಕಪಕ್ಕದ ಊರುಗಳ ತರಕಾರಿಯನ್ನು ಮೈಸೂರಿನ ಬಂಡೀಪಾಳ್ಯದ ಎಪಿಎಂಸಿಗೆ ಮುಟ್ಟಿಸುವುದು ನನ್ನ ಕೆಲಸ. ಹರಾಜಿನ ಹೊತ್ತಿಗೆ ಅಲ್ಲಿರಬೇಕಾದ್ದರಿಂದ ಬೆಳಗಿನ ಜಾವ ಮೂರೂವರೆಗೆ ಮನೆ ಬಿಡುತ್ತೇನೆ. ಅಂದರೆ ನನ್ನ ದುಡಿಮೆಯ ಮುಖ್ಯ ಪಾಲೆಲ್ಲ ಕತ್ತಲೆಯಲ್ಲೇ ನಡೆಯುತ್ತದೆ. ಮೊದಲು ಎಲ್‌ಇಡಿ ಕಿಟ್ ಹಾಕಿಸಿ ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಓಡಿಸಿದೆ. ಅದನ್ನು ತೆಗೆಸಿ, ರಿಲೇ (ಬ್ಯಾಟರಿಯ ಕರೆಂಟನ್ನು ನೇರವಾಗಿ ದೀಪಕ್ಕೆ ಬಿಡುವ ಪುಟ್ಟ ವಿದ್ಯುತ್ ಸ್ವಿಚ್) ವೈರಿಂಗ್ ಮಾಡಿಸಿ, ಮಾಮೂಲಿ ಹ್ಯಾಲೊಜನ್ ಬಲ್ಬ್ ಹಾಕಿಸಿಕೊಂಡು ಈಗ ಅದಕ್ಕಿಂತಲೂ ಹೆಚ್ಚು ಕಾಲವಾಗಿದೆ.

ಹೆಚ್ಚಿನ ಬೆಳಕು ಏಕೆ ಬೇಕಾಯಿತು ಎಂಬುದು ನಮ್ಮ ಕಡೆಯ ರಸ್ತೆ ನೋಡಿದವರಿಗೆ ಗೊತ್ತು. ಊರಿನಿಂದ ಮುಖ್ಯ ರಸ್ತೆಗೆ ಬರುವವರೆಗೆ ನಾನು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಪಕ್ಕದಲ್ಲೇ ಸಾಗಬೇಕು, ಮತ್ತು ಆ ದಾರಿಯ ಹಲವು ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ಇದೇ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ಅದು ನಡೆದದ್ದು ಹಾಡಹಗಲಿನಲ್ಲಿ. ಅಂಥ ದಂಡೆಯ ಮೇಲೆ ರಾತ್ರಿ ಲೋಡ್ ಸಮೇತ ಹೋಗುವವನಿಗೆ ರಸ್ತೆಯ ಎಡ ಅಂಚು ಸ್ಪಷ್ಟವಾಗಿ ಕಾಣಲೇಬೇಕು. ಕಬ್ಬು ಅರೆಯುವ ಕಾಲದಲ್ಲಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್‌ಗಳು ರಸ್ತೆ ತುಂಬ ಇರುತ್ತವೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲದ ಕಾರಣ ಅವೆಲ್ಲವೂ ಸರ್ವಿಸ್ ರಸ್ತೆಗೆ ಬಂದಿವೆ, ನನ್ನ ಓಡಾಟದ ಒಂದು ಭಾಗವೂ ಅಲ್ಲೇ ಇದೆ. ಗಾಡಿಯ ಜೊತೆಗೆ ಬಂದ ದೀಪಗಳ ಮಂಕು ಹಳದಿ ಬೆಳಕನ್ನು ನಂಬಿಕೊಂಡು ಈ ದಾರಿಯಲ್ಲಿ ನಲವತ್ತರ ಮೇಲೆ ಹೋಗಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಎಲ್‌ಇಡಿ ಕಿಟ್‌ಗೆ ಅಳವಡಿಕೆಯೂ ಸೇರಿ ಮೂರು ಸಾವಿರದೊಳಗೆ ಆಯಿತು. ಮೊದಲ ಕೆಲವು ರಾತ್ರಿ ನನಗಾದ ಸಂತೋಷವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಹಾಲು ಬಿಳುಪಿನ ಬೆಳಕು ರಸ್ತೆಯನ್ನೆಲ್ಲ ತುಂಬಿತು, ದೂರದ ಊರಿನ ಫಲಕಗಳನ್ನು ಮೊದಲಿಗಿಂತ ಬಹಳ ಮುಂಚೆಯೇ ಓದಬಹುದಾಯಿತು, ಜೊತೆಗೆ ಬರುವ ಹುಡುಗನೂ ಬೆರಗಾದ. ಡಬ್ಬಿಯ ಮೇಲೆ ಇಪ್ಪತ್ತು ಸಾವಿರ ಲ್ಯೂಮೆನ್ (ಬಲ್ಬ್ ಕೊಡುವ ಬೆಳಕಿನ ಅಳತೆ) ಎಂದು ಮುದ್ರಿಸಿದ್ದರು. ನಮ್ಮ ಗಾಡಿಗಳಲ್ಲಿರುವ ಎಚ್4 ಹ್ಯಾಲೊಜನ್ ಬಲ್ಬ್‌ಗೆ ಅಂತರರಾಷ್ಟ್ರೀಯ ಮಾನದಂಡದಲ್ಲಿ ನಿಗದಿಯಾಗಿರುವುದು ಡಿಮ್‌ನಲ್ಲಿ ಸುಮಾರು 1000 ಲ್ಯೂಮೆನ್, ಹೈ ಬೀಮ್‌ನಲ್ಲಿ ಸುಮಾರು 1650 ಲ್ಯೂಮೆನ್ ಮಾತ್ರ. ಆದ್ದರಿಂದ ಡಬ್ಬಿಯ ಮೇಲಿನ ಸಂಖ್ಯೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ.

ಆ ಸಂತೋಷ ಹೆಚ್ಚು ಕಾಲ ಉಳಿಯಲಿಲ್ಲ. ನಾನು ಡಿಮ್‌ನಲ್ಲೇ ಇದ್ದರೂ ಎದುರಿನಿಂದ ಬರುವವರು ಲೈಟ್ ಹೊಡೆದು ಡಿಮ್ ಮಾಡುವಂತೆ ಸೂಚಿಸತೊಡಗಿದರು. ಬೈಕ್ ಸವಾರರು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದುಕೊಂಡು ರಸ್ತೆಯ ಬದಿಗೆ ಸರಿಯುತ್ತಿದ್ದರು. ನಾಲೆಯ ದಂಡೆಯ ಮೇಲೆ ಹಾಗೆ ಬದಿಗೆ ಸರಿಯುವುದೆಂದರೆ ಎಲ್ಲಿಗೆ ಸರಿದಂತೆ ಎಂಬ ಯೋಚನೆ ನನ್ನನ್ನು ಬಹಳ ಕಾಡಿತು. ನನಗೆ ದಾರಿ ಚೆನ್ನಾಗಿ ಕಾಣಲೆಂದು ಹಾಕಿಸಿದ ದೀಪ ಎದುರಿನವನಿಗೆ ದಾರಿಯೇ ಕಾಣದಂತೆ ಮಾಡುವುದಾದರೆ ಅದನ್ನು ಒಳ್ಳೆಯ ದೀಪ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇದಕ್ಕೆ ಕಾರಣ ಬಲ್ಬ್‌ನ ರಚನೆಯಲ್ಲೇ ಇದೆ. ಎಚ್4 ಹ್ಯಾಲೊಜನ್ ಬಲ್ಬ್ ಒಳಗೆ ಎರಡು ತಂತಿಗಳಿರುತ್ತವೆ, ಒಂದು ಹೈ ಬೀಮ್‌ಗೆ, ಇನ್ನೊಂದು ಡಿಮ್‌ಗೆ. ಡಿಮ್ ತಂತಿಯ ಕೆಳಗೆ ಬಟ್ಟಲಿನಾಕಾರದ ಚಿಕ್ಕ ಲೋಹದ ತಗಡು ಇರುತ್ತದೆ. ಅದು ಕೆಳಮುಖದ ಬೆಳಕನ್ನು ತಡೆಯುವುದರಿಂದ ರಿಫ್ಲೆಕ್ಟರ್‌ನ ಮೇಲಿನ ಅರ್ಧಕ್ಕೆ ಮಾತ್ರ ಬೆಳಕು ತಾಗಿ, ಅಲ್ಲಿಂದ ಪ್ರತಿಫಲಿಸಿ ರಸ್ತೆಯ ಮೇಲೆ ಬೀಳುತ್ತದೆ. ಆ ತಗಡಿನ ಅಂಚನ್ನು ಒಂದು ಪಕ್ಕದಲ್ಲಿ ಓರೆಯಾಗಿ ಕತ್ತರಿಸಿರುವುದರಿಂದಲೇ ನಮ್ಮ ದೇಶದ ಗಾಡಿಗಳ ಬೆಳಕು ಬಲಗಡೆ ತಗ್ಗಾಗಿದ್ದು, ಎಡಗಡೆ ಸ್ವಲ್ಪ ಮೇಲೇರಿ ರಸ್ತೆಯ ಅಂಚನ್ನು ತೋರಿಸುತ್ತದೆ. ರಿಫ್ಲೆಕ್ಟರ್‌ನ ಪ್ರತಿಯೊಂದು ಬಾಗನ್ನೂ ಆ ತೆಳು ತಂತಿಯ ಸ್ಥಾನವನ್ನು ಲೆಕ್ಕ ಹಾಕಿಯೇ ರೂಪಿಸಿರುತ್ತಾರೆ. ಎಲ್‌ಇಡಿ ಕಿಟ್‌ನಲ್ಲಿ ತಂತಿಯ ಜಾಗಕ್ಕೆ ಒಂದು ಪಟ್ಟಿಯ ಎರಡು ಮಗ್ಗುಲಿಗೆ ಅಂಟಿಸಿದ ಚಿಪ್‌ಗಳು ಬರುತ್ತವೆ. ಕೆಲವೇ ಮಿಲಿಮೀಟರ್‌ನಷ್ಟು ಸ್ಥಾನ ಬದಲಾದರೂ ಫೋಕಸ್ ಕೆಡುತ್ತದೆ, ಬೆಳಕಿನ ಮೇಲಂಚು ಅಳಿಸಿಹೋಗುತ್ತದೆ, ಎಡಗಡೆಯ ಏರು ಮಾಯವಾಗುತ್ತದೆ. ನನ್ನ ಗಾಡಿಯಲ್ಲಿ ಆದದ್ದು ನಿಖರವಾಗಿ ಇದೇ. ಗಾಡಿಯ ಮೂತಿಯ ಹತ್ತಿರ ಕಣ್ಣು ಕೋರೈಸುವ ಬೆಳಕು, ಮರಗಳ ತುದಿಯವರೆಗೂ ಬೆಳಕು, ಆದರೆ ನನಗೆ ಬೇಕಾದ ಎಡ ಅಂಚು ಮೊದಲಿಗಿಂತ ಹೆಚ್ಚೇನೂ ಕಾಣುತ್ತಿರಲಿಲ್ಲ.

ಪಿಕಪ್‌ನಲ್ಲಿ ಈ ತೊಂದರೆಗೆ ಲೋಡ್ ಕೂಡ ಸೇರಿಕೊಳ್ಳುತ್ತದೆ. ಕಾರಿನವರು ಬರೆಯುವ ವಿಮರ್ಶೆಗಳಲ್ಲಿ ಈ ವಿಷಯ ಬರುವುದೇ ಇಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕ್ರೇಟುಗಳನ್ನು ತುಂಬಿದಂತೆಲ್ಲ ಹಿಂದಿನ ಸ್ಪ್ರಿಂಗ್ ಪಟ್ಟೆಗಳು ತಗ್ಗುತ್ತವೆ, ಗಾಡಿಯ ಮೂತಿ ಮೇಲಾಗುತ್ತದೆ. ಮುಂದಿನ ಹಿಂದಿನ ಚಕ್ರಗಳ ನಡುವೆ ಹತ್ತು ಅಡಿ ಅಂತರವಿರುವ ಗಾಡಿಯ ಹಿಂಭಾಗ ಮೂರು ಇಂಚು ಕುಸಿಯಿತು ಎಂದುಕೊಳ್ಳಿ. 25 ಅಡಿ ಮುಂದಿರುವ ಗೋಡೆಯ ಮೇಲೆ ಬೆಳಕು ಏಳೂವರೆ ಇಂಚು ಮೇಲೇರುತ್ತದೆ. ಡಿಮ್ ಬೆಳಕಿನ ಮೇಲಂಚು ಅಷ್ಟೇ ದೂರದಲ್ಲಿ ದೀಪದ ಮಟ್ಟಕ್ಕಿಂತ ಸುಮಾರು ಮೂರು ಇಂಚು ಕೆಳಗಿರಬೇಕು. ಖಾಲಿ ಗಾಡಿಯಲ್ಲಿ ಅದನ್ನು ಎಷ್ಟೇ ಸರಿಯಾಗಿ ಹೊಂದಿಸಿದ್ದರೂ ಲೋಡ್ ಬಿದ್ದ ಮೇಲೆ ಅದು ದೀಪದ ಮಟ್ಟಕ್ಕಿಂತ ನಾಲ್ಕೂವರೆ ಇಂಚು ಮೇಲೆ ನಿಂತು ನೇರವಾಗಿ ಎದುರಿನವನ ಮುಖಕ್ಕೆ ಹೊಡೆಯುತ್ತದೆ. ಮಂಕು ಬಲ್ಬ್ ಇದ್ದಾಗ ಇದು ಯಾರಿಗೂ ಅಷ್ಟಾಗಿ ತಟ್ಟುತ್ತಿರಲಿಲ್ಲ. ಪ್ರಖರ ಎಲ್‌ಇಡಿಯಲ್ಲಿ ಅದೇ ದೊಡ್ಡ ಅಪರಾಧವಾಗುತ್ತದೆ. ಕಿಟ್ ಅಳವಡಿಸಿದ ಅಂಗಡಿಯಲ್ಲಿ ಖಾಲಿ ಗಾಡಿಯನ್ನು ಎರಡು ನಿಮಿಷ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಸರಿಯಿದೆ ಎಂದು ಹೇಳಿ ಕಳುಹಿಸಿದ್ದರು. ಆಮೇಲೆ ಮಂಡ್ಯದಲ್ಲಿ ಸಿಕ್ಕ ಒಬ್ಬ ಹಳೆಯ ಆಟೊ ಎಲೆಕ್ಟ್ರಿಷಿಯನ್ ನನ್ನ ದೂರನ್ನೆಲ್ಲ ಕೇಳಿ ಮೊದಲು ಹೇಳಿದ ಮಾತು ಇದು: "ಅಣ್ಣ, ನೀವು ಕತ್ಲಲ್ಲಿ ಓಡ್ಸೋದು ಲೋಡ್ ಗಾಡೀನ. ಖಾಲಿ ಗಾಡೀಲಿ ಲೈಟ್ ಕೂರ್ಸಿದ್ರೆ ಏನು ಬಂತು? ನಾಳೆ ಲೋಡ್ ಮಾಡ್ಕೊಂಡು ಬನ್ನಿ."

ಕಿಟ್‌ನ ಉಳಿದ ದೋಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮಳೆಯಲ್ಲಿ ಒದ್ದೆ ಡಾಂಬರಿನ ಮೇಲೆ ಆ ಬಿಳಿ ಬೆಳಕು ಇದ್ದೂ ಇಲ್ಲದಂತಾಗುತ್ತಿತ್ತು. ಧನುರ್ಮಾಸದಲ್ಲಿ ಗದ್ದೆಗಳ ಮೇಲೆ ಇಬ್ಬನಿ ಕವಿದಾಗ ಕಣ್ಣೆದುರು ಬಿಳಿ ಗೋಡೆ ಎದ್ದು ನಿಂತಂತಾಗಿ ಕಿಟಕಿಯಿಂದ ತಲೆ ಹೊರಹಾಕಿ ಓಡಿಸಬೇಕಾಗುತ್ತಿತ್ತು. ಬಲ್ಬನ್ನು ತಣ್ಣಗಿಡಲು ಅದರ ಹಿಂಬದಿಯಲ್ಲಿರುವ ಫ್ಯಾನ್‌ಗೆ ಜಾಗ ಸಾಲದೆ ರಬ್ಬರ್ ಮುಚ್ಚಳ ಕೂರಲಿಲ್ಲ, ಆ ಸಂದಿಯಿಂದ ಊರ ದಾರಿಯ ಧೂಳೆಲ್ಲ ದೀಪದ ಒಳಗೆ ಸೇರಿತು, ಫ್ಯಾನ್ ಕರಕರ ಎನ್ನತೊಡಗಿತು. ಲೈಟ್ ಹಾಕಿದ ಕೂಡಲೇ ರೇಡಿಯೊದಲ್ಲಿ ಗೊರಗೊರ ಸದ್ದು ಬರುತ್ತಿತ್ತು. ಲೋಡ್ ಇಳಿಸಿ, ಕಾಫಿ ಕುಡಿದು, ಆರು ಗಂಟೆಗೆ ಮೈಸೂರು ಆಕಾಶವಾಣಿಯ 100.6 ಹಾಕಿಕೊಂಡು ಊರಿನ ಕಡೆ ತಿರುಗುವುದು ನನ್ನ ಬಹಳ ವರ್ಷಗಳ ಅಭ್ಯಾಸ. ಚಳಿಗಾಲದಲ್ಲಿ ಆ ಹೊತ್ತಿಗೆ ಇನ್ನೂ ಕತ್ತಲಿರುವುದರಿಂದ ಹಾಡು ಬೇಕೋ ಬೆಳಕು ಬೇಕೋ ಎಂದು ಆರಿಸಿಕೊಳ್ಳಬೇಕಾದದ್ದು ನನಗೆ ಸಣ್ಣ ನಷ್ಟವೇನೂ ಆಗಿರಲಿಲ್ಲ. ಅಷ್ಟರಲ್ಲಿ 2024ರ ಜುಲೈ ಬಂತು, ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದ ಪೊಲೀಸರು ವಿಶೇಷ ಕಾರ್ಯಾಚರಣೆ ಆರಂಭಿಸಿದರು. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅದಾದ ಮೇಲೆ ಪ್ರತಿ ವರ್ಷವೂ ಎಫ್‌ಸಿ (ದೀಪವೂ ಸೇರಿ ಗಾಡಿಯ ಅರ್ಹತಾ ತಪಾಸಣೆ) ಆಗಬೇಕು ಎಂಬುದನ್ನೂ ಮರೆಯುವಂತಿಲ್ಲ. ಆ ಕಾರ್ಯಾಚರಣೆ ಸರಿಯಾಗಿಯೇ ಇತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಮಂಡ್ಯದ ಎಲೆಕ್ಟ್ರಿಷಿಯನ್ ಯಾವ ಬಲ್ಬನ್ನೂ ಮಾರಲು ಹೊರಡಲಿಲ್ಲ. ಹಳೆಯ ಹ್ಯಾಲೊಜನ್ ಬಲ್ಬ್‌ಗಳನ್ನೇ ಮತ್ತೆ ಹಾಕಿ, ಎಂಜಿನ್ ಚಾಲೂ ಮಾಡಿಸಿ, ಮಲ್ಟಿಮೀಟರ್ ಹಿಡಿದು ಬ್ಯಾಟರಿಯ ಬಳಿ ಅಳೆದರು, 13.9 ವೋಲ್ಟ್ ಇತ್ತು. ಬಲ್ಬ್‌ನ ಹೋಲ್ಡರ್‌ನಲ್ಲಿ ಅಳೆದರೆ 12.2 ಮಾತ್ರ. ಬ್ಯಾಟರಿಯಿಂದ ಹೊರಟ ಕರೆಂಟು ತೆಳುವಾದ ತಂತಿಯಲ್ಲಿ ಡ್ಯಾಶ್‌ಬೋರ್ಡ್‌ಗೆ ಹೋಗಿ, ಸ್ವಿಚ್ ದಾಟಿ, ಮತ್ತೆ ಮುಂದಕ್ಕೆ ಬರುವಷ್ಟರಲ್ಲಿ ಅಷ್ಟು ವೋಲ್ಟ್ ಸೋರಿಹೋಗುತ್ತಿತ್ತು. ಹ್ಯಾಲೊಜನ್ ಬಲ್ಬ್‌ನ ಸ್ವಭಾವವೆಂದರೆ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ನನ್ನ ಗಾಡಿಯ ಬೆಳಕಿನಲ್ಲಿ ಮೂರನೇ ಒಂದು ಪಾಲು ತಂತಿಯಲ್ಲೇ ಕಳೆದುಹೋಗುತ್ತಿತ್ತು ಎಂದಾಯಿತು. ಅವರು ಡಿಮ್‌ಗೊಂದು, ಹೈ ಬೀಮ್‌ಗೊಂದು ರಿಲೇ ಕೂರಿಸಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ, ಅಲ್ಲಿಂದ ದಪ್ಪ ತಂತಿಯನ್ನು ನೇರವಾಗಿ ದೀಪಗಳಿಗೆ ಎಳೆದರು. ಹಳೆಯ ತಂತಿಗೆ ಈಗ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಉಳಿದಿದೆ. ಶಾಖಕ್ಕೆ ಕರಗದ ಪಿಂಗಾಣಿ ಹೋಲ್ಡರ್‌ಗಳು, ಬಾಡಿಗೆ ಗಟ್ಟಿಯಾಗಿ ಬಿಗಿದ ಅರ್ಥಿಂಗ್, ಎರಡು ಹೊಸ 60/55 ವಾಟ್ (ಹೈ ಬೀಮ್‌ಗೆ 60, ಡಿಮ್‌ಗೆ 55) ಬಲ್ಬ್‌ಗಳು, ಎಲ್ಲ ಸೇರಿ ಎಲ್‌ಇಡಿ ಕಿಟ್‌ಗಿಂತ ಕಡಿಮೆ ಖರ್ಚಾಯಿತು. ಮತ್ತೆ ಅಳೆದಾಗ ಹೋಲ್ಡರ್‌ನಲ್ಲಿ 13.6 ವೋಲ್ಟ್ ತೋರಿಸಿತು.

100/90 ವಾಟ್ ಬಲ್ಬ್ ಹಾಕಿಸಲೇ ಎಂದು ಕೇಳಿದಾಗ ಅವರು ಬೇಡವೆಂದರು, ನನಗೂ ಅದು ಸರಿಯೆನಿಸಿತು. ಹೆಸರಾಂತ ಕಂಪನಿಗಳೇ ಅವನ್ನು ತಯಾರಿಸುತ್ತವೆಯಾದರೂ ಅವು ಸಾರ್ವಜನಿಕ ರಸ್ತೆಗಲ್ಲ, ರ‍್ಯಾಲಿಯಂಥ ಓಟಗಳಿಗೆ ಮೀಸಲಾದವು. ರಿಲೇ ಇಲ್ಲದೆ ಹಾಕಿದರೆ ಸ್ವಿಚ್ ಸುಡುತ್ತದೆ, ರಿಲೇ ಹಾಕಿದರೂ ಆ ಶಾಖಕ್ಕೆ ರಿಫ್ಲೆಕ್ಟರ್‌ನ ಬೆಳ್ಳಿ ಬಣ್ಣದ ಲೇಪ ಕ್ರಮೇಣ ಮಂಕಾಗುತ್ತದೆ.

ರಿಲೇ ಹಾಕಿಸಿದ ರಾತ್ರಿ ನಾಲೆಯ ದಾರಿಯಲ್ಲಿ ನಾನು ಕಂಡದ್ದು ಎಲ್‌ಇಡಿಯ ಥಳಕಲ್ಲ. ಬೆಚ್ಚನೆಯ ತಿಳಿಹಳದಿ ಬೆಳಕು ರಸ್ತೆಯ ಮೇಲೆ ಸಮನಾಗಿ ಹರಡಿಕೊಂಡಿತ್ತು, ಬಲಗಡೆ ತಗ್ಗಿ ನಿಂತಿತ್ತು, ಎಡಗಡೆ ಹುಲ್ಲಂಚನ್ನೂ ಅದರಾಚೆಯ ಮಣ್ಣಿನ ಇಳಿಜಾರನ್ನೂ ನೇಗಿಲ ಸಾಲಿನಂತೆ ಗೆರೆ ಎಳೆದು ತೋರಿಸುತ್ತಿತ್ತು. ಗುಂಡಿಗಳ ಅಂಚಿಗೆ ನೆರಳು ಬೀಳುವುದರಿಂದ ಅವುಗಳ ಆಳವೂ ತಿಳಿಯುತ್ತದೆ. ಎದುರಿನವರು ಲೈಟ್ ಹೊಡೆಯುವುದು ನಿಂತಿದೆ. ಇಬ್ಬನಿಯಲ್ಲಿ ದೂರ ಕಾಣುವುದಿಲ್ಲವಾದರೂ ಮುಂದಿನ ಹತ್ತಿಪ್ಪತ್ತು ಗಜ ನಂಬಿಕೆಗೆ ತಕ್ಕಷ್ಟು ಕಾಣುತ್ತದೆ. ರೇಡಿಯೊ ಮತ್ತೆ ಸ್ವಚ್ಛವಾಗಿ ಹಾಡುತ್ತಿದೆ.

ಈಗ ದಿನದ ಲೋಡ್ ತುಂಬಿ ಮುಗಿದ ಮೇಲೆ ನಾನು ತಪ್ಪದೆ ಮಾಡುವ ಒಂದು ಕೆಲಸವಿದೆ. ಟಾರ್ಪಾಲು ಬಿಗಿದು ಹಗ್ಗ ಕಟ್ಟಿದ ಮೇಲೆ ಒದ್ದೆ ಬಟ್ಟೆಯಿಂದ ಎರಡೂ ದೀಪದ ಗಾಜನ್ನು ಒರೆಸುತ್ತೇನೆ, ಆಮೇಲೆ ಒಣ ಬಟ್ಟೆಯಿಂದ ಇನ್ನೊಮ್ಮೆ. ಹುಳ ಮತ್ತು ಧೂಳಿನ ಪದರ ಎಷ್ಟು ಬೆಳಕನ್ನು ನುಂಗುತ್ತದೆ ಎಂಬುದು ಅರ್ಧ ಗಾಜನ್ನು ಒರೆಸಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ನಮ್ಮ ಕೊಟ್ಟಿಗೆಯ ಗೋಡೆಯಿಂದ 25 ಅಡಿ ಅಳೆದು ನೆಲದಲ್ಲಿ ಒಂದು ಕಲ್ಲು ಹೂತಿದ್ದೇನೆ. ಮುಂದಿನ ಚಕ್ರವನ್ನು ಅಲ್ಲಿಗೆ ತಂದು ನಿಲ್ಲಿಸಿ ಡಿಮ್ ಹಾಕಿದರೆ, ಗೋಡೆಯ ಮೇಲೆ ಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ಬೆಳಕಿನ ಅಂಚು ಕೂರಬೇಕು. ಸೌತೆ, ಕುಂಬಳದಂಥ ಭಾರದ ಸರಕು ಇದ್ದ ದಿನ ಅದು ಗೆರೆಯ ಮೇಲೆ ಹೋಗಿರುತ್ತದೆ, ಸೊಪ್ಪು ಇದ್ದ ದಿನ ಕೆಳಗೆ. ದೀಪದ ಹಿಂದಿರುವ ತಿರುಪನ್ನು ಸ್ಕ್ರೂಡ್ರೈವರ್‌ನಿಂದ ಸ್ವಲ್ಪ ತಿರುಗಿಸಿ ಗೆರೆಗೆ ತಂದರೆ ಆಯಿತು, ಐದು ನಿಮಿಷದ ಕೆಲಸ. ಇಷ್ಟು ಮಾಡದೆ ಹೊರಟರೆ ನನಗೆ ಸಮಾಧಾನವಿರುವುದಿಲ್ಲ.

ಆದರೆ ಆ ಐದು ನಿಮಿಷ ನನ್ನ ಪಾಲಿಗೆ ಬರಬೇಕಾದದ್ದೇ ಅಲ್ಲ. ಕುಳಿತಲ್ಲಿಂದಲೇ ಬೆಳಕನ್ನು ಏರಿಳಿಸುವ ಸಣ್ಣ ಗುಂಡಿ ಎಷ್ಟೋ ಕಾರುಗಳಲ್ಲಿದೆ. ಡಿಕ್ಕಿಯಲ್ಲಿ ಎರಡು ಪೆಟ್ಟಿಗೆ ಇಡುವವರಿಗಿಂತ ಟನ್‌ಗಟ್ಟಲೆ ಹೊರುವ ಗಾಡಿಗೆ ಅದರ ಅಗತ್ಯ ಹೆಚ್ಚು. ನನ್ನ ಗಾಡಿಯಲ್ಲಿ ಅದಿಲ್ಲ. ಹೊಸ ಪಿಕಪ್ ಕೊಳ್ಳುವವರು ಮೈಲೇಜ್ ಕೇಳುವ ಮೊದಲು ಇದನ್ನು ಕೇಳಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ರಿಲೇ ವೈರಿಂಗ್‌ನಲ್ಲೂ ಒಂದು ಕೊರತೆಯಿದೆ: ಪೂರ್ತಿ ವೋಲ್ಟೇಜ್ ಸಿಗುವುದರಿಂದ ಬಲ್ಬ್ ಬೇಗ ಸುಡುತ್ತದೆ. ಹೋದ ಮಳೆಗಾಲದಲ್ಲಿ ಶ್ರೀರಂಗಪಟ್ಟಣ ದಾಟುವ ಮುನ್ನ ಎಡಗಡೆಯ ಡಿಮ್ ಹೋಯಿತು. ಸೀಟಿನ ಕೆಳಗೆ ಒಂದು ಬಲ್ಬನ್ನು ಯಾವಾಗಲೂ ಇಟ್ಟಿರುತ್ತೇನೆ. ಗಾಜಿಗೆ ಬೆರಳು ತಾಗದಂತೆ ಬುಡ ಹಿಡಿದು, ಮೊಬೈಲ್ ಬೆಳಕಿನಲ್ಲಿ ಹಳೆಯದನ್ನು ಕಳಚಿ ಹೊಸದನ್ನು ಕೂರಿಸಿ, ರಬ್ಬರ್ ಮುಚ್ಚಳ ಒತ್ತಿ, ಹರಾಜಿನ ಹೊತ್ತಿಗೆ ಬಂಡೀಪಾಳ್ಯ ತಲುಪಿದೆ. ಬರುವಾಗ ಮೈಸೂರಿನಲ್ಲೇ ಇನ್ನೊಂದು ಕೊಂಡು ಸೀಟಿನ ಕೆಳಗೆ ಹಾಕಿದೆ; ಆ ಬಲ್ಬ್ ಎಚ್4 ಎಂದು ಕೇಳಿದರೆ ಯಾವ ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ.