ಆನ್‌ಲೈನ್ ಅಂಗಡಿ ಕಟ್ಟಿಸುವವರೇ, ಡೊಮೇನ್ ಯಾರ ಹೆಸರಿನಲ್ಲಿದೆ ನೋಡಿ

ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಜೋನಿಬೆಲ್ಲ ಮಾಡಿ ಮಾರುವವರು ಒಬ್ಬೊಬ್ಬರಾಗಿ ಸ್ವಂತ ಜಾಲತಾಣ ಮಾಡಿಸಲು ಹೊರಟಿದ್ದಾರೆ. ಹೊರಡಲಿ, ಒಳ್ಳೆಯದೇ. ಆದರೆ ಏಜೆನ್ಸಿಗೆ ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಅತ್ತಿಗೆ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿಗೆ ಹುಬ್ಬಳ್ಳಿಯಿಂದ ಮುಂಬೈವರೆಗೆ ಗಿರಾಕಿಗಳಿದ್ದಾರೆ. ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಇವತ್ತು ನಮ್ಮ ಉಪ್ಪಿನಕಾಯಿಯ ಹೆಸರಿರುವ ಜಾಲತಾಣದ ವಿಳಾಸ ತೆರೆದರೆ ಅಲ್ಲಿ ಬೇರೆ ಯಾರದೋ ಉಪ್ಪಿನಕಾಯಿ ಮಾರಾಟಕ್ಕಿದೆ.

ಡೊಮೇನ್ (ಅಂದರೆ ಜಾಲತಾಣದ ವಿಳಾಸವಾಗಿ ನೋಂದಾಯಿಸಿದ ಹೆಸರು), ಜಾಲತಾಣ, ಫೋಟೊ, ಜಾಹೀರಾತು ಎಲ್ಲ ಸೇರಿಸಿ ವರ್ಷಕ್ಕಿಷ್ಟು ಎಂದು ಬೆಂಗಳೂರಿನ ಒಂದು ಏಜೆನ್ಸಿ ದರ ಹೇಳಿತ್ತು. “ತಾಂತ್ರಿಕ ತಲೆಬಿಸಿ ಎಲ್ಲ ನಮಗಿರಲಿ, ನೀವು ಉಪ್ಪಿನಕಾಯಿ ಹಾಕಿ ಕೊಟ್ಟರೆ ಸಾಕು” ಎಂದರು. ಎರಡನೆಯ ವರ್ಷಕ್ಕೆ ದರ ದುಪ್ಪಟ್ಟಾಯಿತು. ಬೇಡ, ನಾವೇ ನಡೆಸುತ್ತೇವೆ ಎಂದಾಗ, ಡೊಮೇನ್ ಬಿಟ್ಟುಕೊಡಲು ಪ್ರತ್ಯೇಕ ಹಣ ಕೇಳಿದರು. ಅವರು ಕೇಳಿದ ಮೊತ್ತ ನಮ್ಮ ಒಂದು ಹಂಗಾಮಿನ ಲಾಭಕ್ಕಿಂತ ದೊಡ್ಡದಿತ್ತು. ಕೊಡದಿದ್ದಾಗ ತಾಣ ಮುಚ್ಚಿತು. ಕೆಲವು ತಿಂಗಳ ನಂತರ ಅದೇ ಹೆಸರಿನಲ್ಲಿ ಇನ್ನೊಬ್ಬರ ಸರಕಿನೊಂದಿಗೆ ತೆರೆದುಕೊಂಡಿತು.

ಡೊಮೇನ್ ಎಂದರೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಖರ್ಚು. ಇಷ್ಟು ಅಗ್ಗವಾದದ್ದರಿಂದಲೇ ಅದರ ಕಡೆ ಯಾರೂ ಗಮನ ಕೊಡುವುದಿಲ್ಲ. ಆದರೆ ದಾಖಲೆಯಲ್ಲಿ ನೋಂದಣಿದಾರ ಎಂದು ಯಾರ ಹೆಸರಿದೆಯೋ ಡೊಮೇನ್ ಅವರದು. ಬೇರೆ ಕಂಪನಿಗೆ ವರ್ಗಾಯಿಸಲು ಬೇಕಾದ ಗುಪ್ತ ಸಂಕೇತವನ್ನು ಕೇಳುವ ಹಕ್ಕೂ ಅವರಿಗೇ. ಹಣ ಕೊಟ್ಟವರು ನಾವು, ಹೆಸರು ಆರಿಸಿದವರು ನಾವು ಎಂದು ನೋಂದಣಿ ಕಂಪನಿಗೆ ಬರೆದರೆ, “ನಮ್ಮ ದಾಖಲೆಯಲ್ಲಿ ನೀವಿಲ್ಲ” ಎಂಬ ಉತ್ತರ ಬರುತ್ತದೆ. ನಮಗೆ ಬಂದದ್ದೂ ಅದೇ. ಡೊಮೇನ್ ಈಗಾಗಲೇ ಇರುವವರು ಹೂಈಸ್ ಎಂಬ ಹುಡುಕಾಟದಲ್ಲಿ ವಿಳಾಸ ಹಾಕಿ ನೋಡಿ. ಖಾಸಗಿತನದ ಕಾರಣಕ್ಕೆ ಹೆಸರು ಮರೆಮಾಡಿದ್ದರೆ ಎರಡು ಪ್ರಶ್ನೆ ಕೇಳಿ: ನೋಂದಣಿಯ ಬಿಲ್ ಯಾರ ಹೆಸರಿಗಿದೆ? ನವೀಕರಣದ ಸೂಚನೆ ಯಾರ ಇಮೇಲ್‌ಗೆ ಹೋಗುತ್ತದೆ? ಎರಡಕ್ಕೂ ಉತ್ತರ ನೀವಲ್ಲದಿದ್ದರೆ, ಸಂಬಂಧ ಚೆನ್ನಾಗಿರುವಾಗಲೇ ಬದಲಾಯಿಸಿಕೊಳ್ಳಿ. ಜಗಳವಾದ ಮೇಲೆ ಆಗುವ ಕೆಲಸವಲ್ಲ ಅದು.

ಜಾಹೀರಾತಿನ ಖಾತೆಯದೂ ಇದೇ ಕಥೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತುಗಳನ್ನು ಏಜೆನ್ಸಿ ತನ್ನ ಖಾತೆಯಿಂದಲೇ ಓಡಿಸಿತ್ತು. ನಮ್ಮ ತಾಣಕ್ಕೆ ಯಾರು ಬಂದರು, ಯಾವ ಊರಿನವರು ಕೊಂಡರು, ಯಾವ ಜಾಹೀರಾತು ಫಲ ಕೊಟ್ಟಿತು ಎಂಬ ಲೆಕ್ಕವೆಲ್ಲ ಆ ಖಾತೆಯ ಪಿಕ್ಸೆಲ್‌ನಲ್ಲಿ, ಅಂದರೆ ತಾಣಕ್ಕೆ ಬಂದವರ ಜಾಡು ಹಿಡಿಯುವ ಸಣ್ಣ ಕೋಡ್‌ನಲ್ಲಿ, ಜಮೆಯಾಗುತ್ತದೆ. ನಮ್ಮ ದುಡ್ಡಿನಲ್ಲಿ ಕೂಡಿಟ್ಟ ಆ ತಿಳಿವಳಿಕೆ ಅವರ ಬಳಿಯೇ ಉಳಿಯಿತು. ಹೀಗೆ ಮಾಡಬೇಕಾದ ಅಗತ್ಯವೇ ಇಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾದ ಬಿಸಿನೆಸ್ ಖಾತೆಯನ್ನು ನೀವೇ ತೆರೆದು ಏಜೆನ್ಸಿಯನ್ನು ಪಾಲುದಾರ ಎಂದು ಸೇರಿಸಬಹುದು. ಗೂಗಲ್ ಜಾಹೀರಾತಿನ ಖಾತೆಯನ್ನು ಅವರ ಮ್ಯಾನೇಜರ್ ಖಾತೆಗೆ ಜೋಡಿಸಬಹುದು. ಕೆಲಸ ಅವರು ಮಾಡುತ್ತಾರೆ, ಖಾತೆ ನಿಮ್ಮದಾಗಿರುತ್ತದೆ, ಬೇಡವಾದ ದಿನ ಅನುಮತಿ ಹಿಂದಕ್ಕೆ ಪಡೆಯಬಹುದು.

ಇನ್ನು ಮಾರಾಟದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಣ ಹೋದದ್ದು ಇಲ್ಲಿ. ಪ್ರತಿ ಸೋಮವಾರ ಏಜೆನ್ಸಿಯಿಂದ ಬಣ್ಣದ ವರದಿ ಬರುತ್ತಿತ್ತು: ಇಷ್ಟು ಜನ ನೋಡಿದರು, ಇಷ್ಟು ಕ್ಲಿಕ್, ಇಷ್ಟು ಆರ್ಡರ್. ಆರ್ಡರ್ ನಿಜಕ್ಕೂ ಏರುತ್ತಿತ್ತು. ಬ್ಯಾಂಕ್ ಖಾತೆ ಮಾತ್ರ ಇಳಿಯುತ್ತಿತ್ತು. ಕಾರಣ ಕ್ಯಾಶ್ ಆನ್ ಡೆಲಿವರಿ. ಮುಂಗಡ ಹಣವಿಲ್ಲದ ಆರ್ಡರ್‌ಗಳಲ್ಲಿ ಬಾಗಿಲಲ್ಲಿ ನಿರಾಕರಿಸುವವರು, ಫೋನ್ ಎತ್ತದವರು ಬಹಳ. ಕೊರಿಯರಿನವರು ಇದನ್ನು ಆರ್‌ಟಿಒ ಎನ್ನುತ್ತಾರೆ, ಹೊರಟ ಜಾಗಕ್ಕೇ ಮರಳಿದ ಸರಕು. ಹೋಗುವ ಬಾಡಿಗೆಯೂ ನಿಮ್ಮದು, ಮರಳುವ ಬಾಡಿಗೆಯೂ ನಿಮ್ಮದು.

ಲೆಕ್ಕ ಹಾಕಿ ನೋಡಿ. ಬಾಟಲಿಯ ಬೆಲೆ 350 ರೂಪಾಯಿ ಎಂದುಕೊಳ್ಳಿ. ಸಾಮಗ್ರಿ, ಬಾಟಲಿ, ಪ್ಯಾಕಿಂಗಿಗೆ 160, ಒಂದು ಆರ್ಡರಿಗೆ ಬಿದ್ದ ಜಾಹೀರಾತಿನ ವೆಚ್ಚ 90, ಕೊರಿಯರ್ 70. ಸರಿಯಾಗಿ ತಲುಪಿದರೆ ಉಳಿಯುವುದು 30 ರೂಪಾಯಿ. ಮರಳಿ ಬಂದರೆ ಜಾಹೀರಾತಿನ 90, ಎರಡು ಬಾರಿಯ ಬಾಡಿಗೆ 140, ಹಾಳಾದ ಸರಕಿನ 160, ಒಟ್ಟು 390 ನಷ್ಟ. ಅಂದರೆ ಒಂದು ಮರಳಿಕೆ ಹದಿಮೂರು ಒಳ್ಳೆಯ ಮಾರಾಟಗಳ ಲಾಭವನ್ನು ನುಂಗುತ್ತದೆ. ಏಜೆನ್ಸಿಯ ವರದಿಯಲ್ಲಿ ಆ ಹದಿನಾಲ್ಕೂ ಆರ್ಡರ್‌ಗಳೇ.

ಬಟ್ಟೆ ಮಾರುವವರು ಮರಳಿದ ಸೀರೆಯನ್ನು ಮಡಿಸಿ ಮತ್ತೆ ಮಾರಬಹುದು. ಅಪ್ಪೆಮಿಡಿಗೆ ಆ ಯೋಗವಿಲ್ಲ. ನಮ್ಮದು ಎಣ್ಣೆ ಹಾಕದ, ಉಪ್ಪುನೀರಿನಲ್ಲಿ ಕೂತ ಮಿಡಿಗೆ ಸಾಸಿವೆ-ಮೆಣಸಿನ ಹಿಂಡಿ ಬೆರೆಸುವ ಹಳೆಯ ಕ್ರಮ. ಬೇಸಿಗೆಯಲ್ಲಿ ಕೊರಿಯರ್ ಗೋದಾಮಿನಲ್ಲಿ ವಾರಗಟ್ಟಲೆ ಕೂತು ಬಂದ ಬಾಟಲಿಯ ಮುಚ್ಚಳ ಒಳಗಿನ ಗಾಳಿಗೆ ಉಬ್ಬಿರುತ್ತಿತ್ತು. ಉಪ್ಪುನೀರು ಜಿನುಗಿ ರಟ್ಟಿನ ಪೆಟ್ಟಿಗೆ ಮೆತ್ತಗಾಗಿ, ಲೇಬಲ್ಲಿನ ಶಾಯಿ ಹರಡಿ, ತಯಾರಿಸಿದ ದಿನಾಂಕವೇ ಓದಲಾಗದಂತೆ ಆಗಿರುತ್ತಿತ್ತು. ಹಲ್ಲಿಗೆ ಕಟುಂ ಎನ್ನಬೇಕಾದ ಮಿಡಿ ಹಿಚುಕಿದರೆ ಕುಸಿಯುತ್ತಿತ್ತು. ಅತ್ತಿಗೆ ಅವನ್ನೆಲ್ಲ ಗೊಬ್ಬರದ ಗುಂಡಿಗೆ ಸುರಿಸಿದಳು. ಯಾರ ಊಟದ ಎಲೆಗೂ ಅದನ್ನು ಕಳಿಸಲು ಅವಳು ಒಪ್ಪಲಿಲ್ಲ.

ಇಷ್ಟೊಂದು ಮರಳಿಕೆ ಏಕೆ ಎಂದು ನಿರಾಕರಿಸಿದವರಿಗೆ ನಾನು ಫೋನ್ ಮಾಡತೊಡಗಿದೆ. “ಚಿತ್ರದಲ್ಲಿ ಇದ್ದದ್ದು ಬೇರೆ” ಎಂಬ ಮಾತು ಮತ್ತೆ ಮತ್ತೆ ಬಂತು. ಏಜೆನ್ಸಿ ಜಾಹೀರಾತಿಗೆ ಎಲ್ಲಿಂದಲೋ ತಂದ ಫೋಟೊ ಹಾಕಿತ್ತು: ಕೆಂಪು ಎಣ್ಣೆಯಲ್ಲಿ ಮುಳುಗಿದ, ಹೋಳು ಮಾಡಿದ ಮಾವಿನಕಾಯಿ. ಮೊದಲ ಸಲ ಕೊಂಡು ತೆರೆದು ನೋಡಿದವರಿಗೆ ಇಡೀ ಮಿಡಿ, ತೆಳ್ಳನೆಯ ರಸ. ಜೀರಿಗೆಯ ಪರಿಮಳದ ಮಿಡಿ ಎಂದರೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಮೋಸ ಎಂದುಕೊಂಡರು. ಅವರ ಮಾತಿನಿಂದ ಉಳಿದವರೂ ಪೆಟ್ಟಿಗೆ ತಿರುಗಿಸಿ ಕಳಿಸಿದರು. ನಿಮ್ಮ ಸರಕಿನ ಫೋಟೊ ನಿಮ್ಮ ಅಂಗಳದ ಬೆಳಕಿನಲ್ಲಿ, ನಿಮ್ಮ ಮೊಬೈಲಿನಲ್ಲೇ ತೆಗೆದದ್ದಾಗಿರಲಿ. ಅಪ್ಪೆಮಿಡಿ ಕಾಣದವರಿಗೆ ಅದು ಹೇಗಿರುತ್ತದೆ, ಏಕೆ ಎಣ್ಣೆಯಿಲ್ಲ ಎಂದು ಎರಡು ಸಾಲು ಬರೆಯಿರಿ. ಅದಕ್ಕಿಂತ ಒಳ್ಳೆಯ ಜಾಹೀರಾತನ್ನು ನಾನು ಕಂಡಿಲ್ಲ.

ತಾಣದಲ್ಲಿದ್ದ ವಿಮರ್ಶೆಗಳ ಕಥೆ ಇನ್ನೂ ಕೆಟ್ಟದ್ದು. ಧಾರವಾಡದ ನಮ್ಮ ಹಳೆಯ ಗಿರಾಕಿಯೊಬ್ಬರು ಕರೆಮಾಡಿ, “ನೀವು ಯಾವಾಗಿನಿಂದ ಎಣ್ಣೆ ಹಾಕತೊಡಗಿದಿರಿ?” ಎಂದು ಕೇಳಿದರು. ಐದು ನಕ್ಷತ್ರದ ಒಂದು ವಿಮರ್ಶೆಯಲ್ಲಿ ನಮ್ಮ ಎಣ್ಣೆಯ ಗುಣಮಟ್ಟವನ್ನು ಹೊಗಳಲಾಗಿತ್ತು! ಅಲ್ಲಿದ್ದ ಬಹುಪಾಲು ವಿಮರ್ಶೆಗಳನ್ನು ಏಜೆನ್ಸಿಯವರೇ ಬರೆದಿದ್ದರು. ಕೇಳಿದಾಗ ಎಲ್ಲರೂ ಮಾಡುತ್ತಾರೆ ಎಂದರು. ಮಾರಾಟಗಾರರು ಗ್ರಾಹಕರ ಸೋಗಿನಲ್ಲಿ ವಿಮರ್ಶೆ ಹಾಕುವುದನ್ನು 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ನಿಷೇಧಿಸುತ್ತವೆ. ನೋಟಿಸ್ ಬಂದರೆ ಬರುವುದು ಲೇಬಲ್ಲಿನ ಮೇಲೆ ಹೆಸರಿರುವ ಮನೆಗೆ, ಏಜೆನ್ಸಿಗಲ್ಲ. ಅದೇ ನಿಯಮಗಳ ಪ್ರಕಾರ ಸ್ವಂತ ತಾಣದಲ್ಲಿ ಮಾರುವವರು ತಮ್ಮ ಹೆಸರು, ವಿಳಾಸ, ದೂರು ಸ್ವೀಕರಿಸುವವರ ವಿವರ ಪ್ರಕಟಿಸಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ ಒಂದು ತಿಂಗಳಲ್ಲಿ ಪರಿಹರಿಸಬೇಕು. ನಮ್ಮ ತಾಣದಲ್ಲಿ ದೂರಿನ ಇಮೇಲ್ ಕೂಡ ಏಜೆನ್ಸಿಯದಾಗಿತ್ತು. ಬಂದ ದೂರುಗಳು ನಮಗೆ ತಲುಪಲೇ ಇಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಊಟಕ್ಕೆ ಬೇಕೆಂದು ಕೊಂಡವರು ನಮ್ಮ ಉತ್ತರಕ್ಕಾಗಿ ಕಾದಿರುತ್ತಾರೆ.

ಈಗ ಹೊಸ ಡೊಮೇನ್ ಅತ್ತಿಗೆಯ ಹೆಸರಿನಲ್ಲಿದೆ. ತಾಣದಲ್ಲಿ ಗಿರಾಕಿಗಳಿಂದ ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇಗೆ ಕೊಟ್ಟಿರುವುದು ಅವಳ ಪ್ಯಾನ್, ಅವಳ ಬ್ಯಾಂಕ್ ಖಾತೆ. ಹೊಸಬರಿಗೆ ಮುಂಗಡ ಪಾವತಿ ಮಾತ್ರ, ಕ್ಯಾಶ್ ಆನ್ ಡೆಲಿವರಿ ಹಳೆಯ ಗಿರಾಕಿಗಳಿಗಷ್ಟೇ. ಆರ್ಡರ್ ಕಡಿಮೆಯಾಗಿದೆ, ಹಣ ಉಳಿಯುತ್ತಿದೆ. ಗಿರಾಕಿಗಳ ಪಟ್ಟಿಯನ್ನು ಏಜೆನ್ಸಿ ಕೊಡಲಿಲ್ಲವಾದರೂ ಕೊರಿಯರ್ ಖಾತೆ ನಮ್ಮ ಹೆಸರಿನಲ್ಲಿತ್ತು. ಅಲ್ಲಿಂದ ಹಳೆಯ ಬುಕಿಂಗ್‌ಗಳನ್ನು ಇಳಿಸಿಕೊಂಡು, ಕೊಂಡವರಿಗೆ ಹೊಸ ವಿಳಾಸ ಮುದ್ರಿಸಿದ ಕಾರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇವೆ. ನಿಮಗೂ ಇದೇ ಗತಿ ಬಂದಿದ್ದರೆ ಮೊದಲು ಅಲ್ಲಿ ಹುಡುಕಿ.

ಬ್ರ್ಯಾಂಡಿನ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದೇವೆ. ಒಬ್ಬ ವ್ಯಕ್ತಿಯ ಅಥವಾ ಸಣ್ಣ ಉದ್ಯಮದ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಒಂದು ವರ್ಗದ ಸರಕಿಗೆ 4,500 ರೂಪಾಯಿ ಶುಲ್ಕ. ಡಾಟ್ ಇನ್ (.in) ಡೊಮೇನ್‌ಗಳ ತಕರಾರು ಇದ್ದರೆ ಆ ಡೊಮೇನ್‌ಗಳನ್ನು ನಿರ್ವಹಿಸುವ ನಿಕ್ಸಿ ಸಂಸ್ಥೆಯ ಬಳಿ ಮಧ್ಯಸ್ಥಿಕೆಗೆ ಹೋಗುವ ದಾರಿಯಿದೆ. ಹೆಸರಿನ ಮೇಲೆ ನಮಗೆ ಹಕ್ಕಿದೆ, ಎದುರಿನವರಿಗೆ ಇಲ್ಲ, ಅವರ ಉದ್ದೇಶ ಕೆಟ್ಟದ್ದು ಎಂದು ತೋರಿಸಬೇಕಾಗುತ್ತದೆ. ಹಳೆಯ ಬಿಲ್ಲುಗಳು, ಲೇಬಲ್ ಮುದ್ರಿಸಿದ ರಸೀದಿ, ಏಜೆನ್ಸಿ ಹಣ ಕೇಳಿದ ವಾಟ್ಸ್‌ಆ್ಯಪ್ ಸಂದೇಶಗಳು, ಎಲ್ಲವನ್ನೂ ವಕೀಲರಿಗೆ ಕೊಟ್ಟಿದ್ದೇವೆ. ಏಜೆನ್ಸಿಯೊಂದಿಗೆ ಮನಸ್ತಾಪ ಶುರುವಾಗಿರುವವರು ಆ ಸಂದೇಶಗಳನ್ನು ಅಳಿಸಬೇಡಿ, ಮಾತುಕತೆಯನ್ನು ಫೋನಿನಲ್ಲಿ ಮುಗಿಸಬೇಡಿ; ಏನು ಕೇಳುತ್ತಾರೋ ಅದನ್ನು ಇಮೇಲ್‌ನಲ್ಲಿ ಬರೆದು ಕೇಳಲು ಹೇಳಿ.