ಗಲ್ಫ್‌ನಲ್ಲಿ ಮೊದಲು ಯಾವುದು: ಮೆಕ್‌ಅರೇಬಿಯಾವೋ, ಚಿಪ್ಸ್ ಪೊರೋಟವೋ?

ಕಾಸರಗೋಡಿನಿಂದ ದುಬೈಗೆ ಹೊರಟವರು ಮಧ್ಯಾಹ್ನದ ಹಸಿವಿಗೆ ಮೆಕ್‌ಅರೇಬಿಯಾ, ಸಂಜೆಯ ಬಾಯಿಚಪಲಕ್ಕೆ ಚಿಪ್ಸ್ ಪೊರೋಟ ಆರಿಸಿಕೊಳ್ಳಿ.

ಮೆಕ್‌ಅರೇಬಿಯಾ 2003ರಲ್ಲಿ ಮೆಕ್‌ಡೊನಾಲ್ಡ್ಸ್ ಅರಬ್ ದೇಶಗಳಿಗೆಂದೇ ತಂದದ್ದು. ಮಡಚಿದ ಅರಬ್ ರೊಟ್ಟಿಯೊಳಗೆ ಗ್ರಿಲ್ಡ್ ಚಿಕನ್ ಪ್ಯಾಟಿ, ಲೆಟ್ಯೂಸ್, ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ ಸಾಸ್. ಹೊಟ್ಟೆ ತುಂಬುತ್ತದೆ, ನಮ್ಮ ನಾಲಿಗೆಗೆ ಖಾರ ಸಾಲದು. ಪಾರ್ಸೆಲ್ ಬೇಡ, ಸಾಸಿಗೆ ರೊಟ್ಟಿ ನೆನೆದು ಹರಿಯುತ್ತದೆ.

ಚಿಪ್ಸ್ ಪೊರೋಟ ಮಲಯಾಳಿಗಳ ಕೆಫೆಟೇರಿಯಾದ ತಿಂಡಿ. ಕಾವಲಿಯಿಂದ ತೆಗೆದ ಬಿಸಿ ಪೊರೋಟಕ್ಕೆ ಕ್ರೀಮ್ ಚೀಸ್ ಸವರಿ, ಹಾಟ್ ಸಾಸ್ ಹನಿಸಿ, ‘ಚಿಪ್ಸ್ ಒಮಾನ್’ ಎಂಬ ಖಾರದ ಆಲೂಗಡ್ಡೆ ಚಿಪ್ಸ್ ಪುಡಿಮಾಡಿ ಉದುರಿಸಿ, ಸುರುಳಿ ಸುತ್ತಿ ಕಾಗದದಲ್ಲಿ ಕೊಡುತ್ತಾರೆ. ಮೆತ್ತನೆಯ ಪದರದೊಳಗೆ ಆ ಖಾರದ ಕರುಕುರು ಇದೆಯಲ್ಲ, ರುಚಿಯೆಲ್ಲ ಅಲ್ಲೇ! ತಡಮಾಡಿದರೆ ಪೊರೋಟದ ಹಬೆಗೆ ಚಿಪ್ಸ್ ಮೆತ್ತಗಾಗುತ್ತದೆ. ಅಂಗಡಿಯೆದುರೇ ನಿಂತು, ಕರಕ್ ಎಂಬ ಗಟ್ಟಿ ಹಾಲಿನ ಚಹಾದ ಜೊತೆ ತಿಂದು ಮುಗಿಸಿ. ಚಹಾಕ್ಕೆ ಸಕ್ಕರೆ ಕಡಿಮೆ ಬೇಕಿದ್ದರೆ ಮೊದಲೇ ಹೇಳಬೇಕು.

ಚಿಪ್ಸ್ ಪೊರೋಟದಲ್ಲಿ ಮಾಂಸವಿಲ್ಲ ನಿಜ, ಆದರೆ ಪೊರೋಟದ ಹಿಟ್ಟಿಗೆ ಮೊಟ್ಟೆ ಹಾಕುವವರಿದ್ದಾರೆ. ಅದೇ ಕಾವಲಿಯಲ್ಲಿ ಆಮ್ಲೆಟೂ ಬೇಯುತ್ತಿರಬಹುದು. ಸಸ್ಯಾಹಾರಿಗಳು ಆರ್ಡರ್ ಮಾಡುವ ಮೊದಲೇ ವಿಚಾರಿಸಲಿ. ಕಾಸರಗೋಡಿನವರು ಮಲಯಾಳದಲ್ಲೇ ಕೇಳಬಹುದು.